ಅಭಿಮಾನಿಗಳ ಒಡೆತನ ಮತ್ತು 34ನೆಯ ನಿಯಮ

ಫುಟ್‌ಬಾಲಿನ ಗೊಡವೆ ಈ ಮೇಷ್ಟರಿಗೇಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಆಟದ ಸೂಕ್ಷ್ಮಗಳು ನನಗೆ ಅಷ್ಟಾಗಿ ತಿಳಿಯವು, ನಿಜ. ಆದರೆ ಒಂದು ಊರಿನ ಜನ ನೂರು ವರ್ಷಗಳಿಂದ ‘ನಮ್ಮದು’ ಎಂದುಕೊಂಡು ಬಂದ ಸಂಸ್ಥೆಯು ಕಾನೂನಿನ ದೃಷ್ಟಿಯಲ್ಲಿ ಯಾರದು ಎಂಬುದು ಚರಿತ್ರೆಗೆ ಸೇರಿದ ಪ್ರಶ್ನೆ. ಇಂಗ್ಲೆಂಡಿನ ಕ್ಲಬ್ಬುಗಳ ಕಥೆ ಅದಕ್ಕೊಂದು ಒಳ್ಳೆಯ ನಿದರ್ಶನ.

19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕ್ಲಬ್ಬುಗಳು ಒಂದೊಂದಾಗಿ ಕಂಪನಿಗಳಾದವು. ಮೈದಾನಕ್ಕೆ ಹಣ ಬೇಕಿತ್ತು. ಸಾಲ ತೀರದಿದ್ದರೆ ಪದಾಧಿಕಾರಿಗಳ ಮನೆಮಠಕ್ಕೆ ಕುತ್ತು ಬರಬಾರದೆಂಬ ಮುಂದಾಲೋಚನೆಯೂ ಇತ್ತು. ಆಟವು ಲಾಭದ ಅಂಗಡಿಯಾಗಬಾರದೆಂದು ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಳೆ ವಿಧಿಸಿತು. ಡಿವಿಡೆಂಡು ಶೇಕಡಾ 5ನ್ನು ಮೀರಕೂಡದು. ನಿರ್ದೇಶಕರು ಸಂಬಳ ಪಡೆಯಕೂಡದು. ಕ್ಲಬ್ಬು ಮುಚ್ಚಿದರೆ ಉಳಿದ ಆಸ್ತಿಯನ್ನು ಷೇರುದಾರರು ಹಂಚಿಕೊಳ್ಳಕೂಡದು. ಮುಂದೆ ಇದು 34ನೆಯ ನಿಯಮವೆಂದು ಹೆಸರಾಯಿತು. ಅಭಿಮಾನಿಗಳಿಗೆ ಇದರಿಂದ ಒಡೆತನವೇನೂ ಬರಲಿಲ್ಲ, ಊರಿನ ಸಿರಿವಂತರೇ ಯಜಮಾನರಾಗಿದ್ದರು. ಆದರೆ ಕ್ಲಬ್ಬಿನಿಂದ ಹಣ ಬಾಚುವ ದಾರಿ ಬಹುಮಟ್ಟಿಗೆ ಮುಚ್ಚಿತ್ತು.

1983ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಆ ದಾರಿಯನ್ನು ತೆರೆಯಿತು. ಕ್ಲಬ್ಬಿನ ಮೇಲೊಂದು ಹೋಲ್ಡಿಂಗ್ ಕಂಪನಿಯನ್ನು ಕೂರಿಸಿ, ಅದರ ಷೇರುಗಳನ್ನು ಪೇಟೆಗೆ ಬಿಟ್ಟರು. ನಿಯಮ ಕ್ಲಬ್ಬಿಗೆ ಅನ್ವಯಿಸುತ್ತಿತ್ತು, ಮೇಲಿನ ಕಂಪನಿಗಲ್ಲ! ಅಸೋಸಿಯೇಷನ್ ತಡೆಯಲಿಲ್ಲ, ಉಳಿದ ಕ್ಲಬ್ಬುಗಳು ಅದೇ ಜಾಡು ಹಿಡಿದವು.

ಸಣ್ಣ ಊರುಗಳಲ್ಲಿ ಸಮಸ್ಯೆಯೇ ಬೇರೆ. 1992ರಲ್ಲಿ ನಾರ್ತಾಂಪ್ಟನ್ ಟೌನ್ ಸಾಲದಲ್ಲಿ ಮುಳುಗಿದಾಗ ಬ್ರಯನ್ ಲೋಮ್ಯಾಕ್ಸ್ ಎಂಬುವರ ಮುಂದಾಳುತನದಲ್ಲಿ ಅಭಿಮಾನಿಗಳು ಟ್ರಸ್ಟ್ ಕಟ್ಟಿ, ಹಣ ಕೂಡಿಸಿ, ಆಡಳಿತ ಮಂಡಳಿಯಲ್ಲಿ ಸ್ಥಾನ ಪಡೆದರು. ಈ ಮಾದರಿಯನ್ನು ಹರಡಲು 2000ದಲ್ಲಿ ಸರ್ಕಾರದ ನೆರವಿನಿಂದ ‘ಸಪೋರ್ಟರ್ಸ್ ಡೈರೆಕ್ಟ್’ ಎಂಬ ಸಂಸ್ಥೆ ಹುಟ್ಟಿತು. ಅದು ಟ್ರಸ್ಟುಗಳಿಗೆ ಒದಗಿಸಿದ ಕಾನೂನಿನ ಚೌಕಟ್ಟು ಸಹಕಾರ ತತ್ತ್ವದ್ದು: ಎಷ್ಟೇ ಹಣ ಹಾಕಿರಲಿ, ಸದಸ್ಯನಿಗೆ ಒಂದೇ ಮತ. ನಮಗಿದು ಹೊಸತಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ತರಗತಿಯಲ್ಲಿ ಹೇಳಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ಚೌಕಟ್ಟು ಸಿಕ್ಕಿತು, ಆದರೆ ಕೊಳ್ಳುವ ಹಕ್ಕು ಸಿಗಲಿಲ್ಲ. 2011ರ ಲೋಕಲಿಸಂ ಕಾಯಿದೆಯಡಿ ಮೈದಾನವನ್ನು ಸಮುದಾಯದ ಆಸ್ತಿಯೆಂದು ಪಟ್ಟಿಗೆ ಸೇರಿಸಬಹುದು, 2013ರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್‌ನ ಅಭಿಮಾನಿಗಳು ಹಾಗೆ ಸೇರಿಸಿದರು ಕೂಡ. ಮಾಲೀಕ ಮಾರಹೊರಟರೆ ಹಣ ಹೊಂದಿಸಲು ಜನರಿಗೆ ಆರು ತಿಂಗಳ ಅವಕಾಶ. ಬಳಿಕ ಅವರಿಗೇ ಮಾರಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಪೋರ್ಟ್ಸ್‌ಮತ್. 2008ರಲ್ಲಿ ಎಫ್.ಎ. ಕಪ್ ಗೆದ್ದ ಈ ಕ್ಲಬ್ಬು 2010ರಲ್ಲೊಮ್ಮೆ, 2012ರಲ್ಲೊಮ್ಮೆ ದಿವಾಳಿಯ ಅಂಚಿಗೆ ಬಂತು. ಅಭಿಮಾನಿಗಳು ತಲಾ ಸಾವಿರ ಪೌಂಡಿನ ಷೇರು ಕೊಂಡು, 2013ರ ಏಪ್ರಿಲ್‌ನಲ್ಲಿ ಕ್ಲಬ್ಬನ್ನು ತಮ್ಮದಾಗಿಸಿಕೊಂಡರು. ಸಾಲ ತೀರಿಸಿದರು, ಕೆಳಗಿನ ದರ್ಜೆಯಿಂದ ಮೇಲೆ ತಂದರು. 2017ರಲ್ಲಿ ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಕೊಳ್ಳಲು ಬಂದಾಗ ಅದೇ ಜನ ಭಾರಿ ಬಹುಮತದಿಂದ ಮಾರಲು ಒಪ್ಪಿದರು. ಅವರನ್ನು ದೂರಲಾರೆ. ಹಳೆಯ ಮೈದಾನದ ದುರಸ್ತಿಗೇ ಅಪಾರ ಹಣ ಬೇಕಿತ್ತು. ಎದುರಾಳಿಗಳೆಲ್ಲ ಧನಿಕರ ಜೇಬಿನಿಂದ ಖರ್ಚು ಮಾಡುತ್ತಿದ್ದರು.

ಜರ್ಮನಿಯಲ್ಲಾಗಿದ್ದರೆ ಆ ಮಾರಾಟ ಅಷ್ಟು ಸಲೀಸಾಗುತ್ತಿರಲಿಲ್ಲ. 1998ರಲ್ಲಿ ಅಲ್ಲಿ ಕ್ಲಬ್ಬುಗಳಿಗೆ ಕಂಪನಿಯಾಗಲು ಅನುಮತಿ ಕೊಟ್ಟಾಗಲೇ, ಅರ್ಧಕ್ಕಿಂತ ಒಂದು ಮತ ಹೆಚ್ಚಾಗಿ ಮೂಲ ಸದಸ್ಯ ಸಂಘದ ಬಳಿಯೇ ಇರಬೇಕೆಂದು ವಿಧಿಸಿದರು. ಲೆವರ್‌ಕೂಸೆನ್, ವೋಲ್ಫ್ಸ್‌ಬುರ್ಗ್‌ಗಳಿಗೆ ಮೊದಲಿನಿಂದ ಪೋಷಿಸಿದ ಕಂಪನಿಗಳ ಕಾರಣಕ್ಕೆ ವಿನಾಯಿತಿ ದೊರೆಯಿತು. 2009ರಲ್ಲಿ ಹುಟ್ಟಿದ ಲೈಪ್ಜಿಗ್ ಕ್ಲಬ್ಬಂತೂ ಮತದ ಹಕ್ಕನ್ನು ಕೆಲವೇ ಮಂದಿಗೆ ಕೊಟ್ಟು ನಿಯಮದ ಅಕ್ಷರವನ್ನಷ್ಟೇ ಪಾಲಿಸಿತು. ಎಲ್ಲರಿಗೂ ಒಂದೇ ಬೇಲಿ ಇರುವಲ್ಲಿ, ಸದಸ್ಯರ ಕ್ಲಬ್ಬು ತಾನೊಬ್ಬನೇ ಬಡವನೆಂದು ಮಾರಿಕೊಳ್ಳಬೇಕಾಗಿಲ್ಲ.

ಇಂಗ್ಲೆಂಡು ಆ ಬೇಲಿ ಹಾಕಲು ಮನಸ್ಸು ಮಾಡಿಲ್ಲ. 2025ರ ಜುಲೈನಲ್ಲಿ ಅಂಗೀಕಾರ ಪಡೆದ ಫುಟ್‌ಬಾಲ್ ಗವರ್ನೆನ್ಸ್ ಕಾಯಿದೆ ಸ್ವತಂತ್ರ ನಿಯಂತ್ರಕರನ್ನು ನೇಮಿಸಿದೆ. ಕ್ಲಬ್ಬಿನ ಲಾಂಛನವನ್ನೋ ಅಂಗಿಯ ಬಣ್ಣವನ್ನೋ ಬದಲಿಸಲು ಅಭಿಮಾನಿಗಳ ಬಹುಮತ ಬೇಕು. ಮೈದಾನ ಮಾರಲು ನಿಯಂತ್ರಕರ ಒಪ್ಪಿಗೆ ಬೇಕು. ಕ್ಲಬ್ಬನ್ನೇ ಮಾರುವಾಗ ಕೊಳ್ಳುವವನ ಯೋಗ್ಯತೆಯನ್ನು ನಿಯಂತ್ರಕರು ಪರೀಕ್ಷಿಸುತ್ತಾರೆ. ಅಭಿಮಾನಿಗಳಿಗೆ ಅಲ್ಲಿ ಮತವಿಲ್ಲ.