ಮಾಂಡವಿಯ ಇಲಿಗಳು

ಕ್ರಿ.ಶ. 1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೇಗಸರು ಮುಂಬಯಿ ಬಂದರಿನ ಬಳಿಯ ಮಾಂಡವಿಯಲ್ಲಿ ಪ್ಲೇಗನ್ನು ಗುರುತಿಸಿದರು. ಅದು ಧಾನ್ಯದ ಉಗ್ರಾಣಗಳ ಕೇರಿ. ಅಲ್ಲಿ ಮನುಷ್ಯರಿಗಿಂತ ಮೊದಲೇ ಇಲಿಗಳು ಸತ್ತು ಬೀಳುತ್ತಿದ್ದವು. ಅಧಿಕಾರಿಗಳ ದೃಷ್ಟಿಯಾದರೋ ಮನುಷ್ಯರ ಮೇಲೆಯೇ ನೆಟ್ಟಿತ್ತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಮನೆಮನೆಯ ಶೋಧ ನಡೆಯಿತು, ರೋಗಿಗಳನ್ನು ಬಲವಂತದಿಂದ ಆಸ್ಪತ್ರೆಗೆ ಒಯ್ದರು. ಅಂಜಿದ ಜನರು ರೋಗಿಗಳನ್ನು ಬಚ್ಚಿಟ್ಟರು. ಲಕ್ಷಾಂತರ ಮಂದಿ ನಗರವನ್ನೇ ತೊರೆದರು. ಅವರ ಗಂಟುಮೂಟೆಗಳಲ್ಲಿ ಚಿಗಟಗಳೂ ಪಯಣಿಸಿದವು. ರಕ್ಷಣೆಗೆಂದು ಕೈಗೊಂಡ ಕ್ರಮವೇ ರೋಗದ ಹರಡುವಿಕೆಗೆ ನೆರವಾದುದು ವಿಷಾದಕರ.

ನಿಜವಾದ ಕಾರಣ ತಿಳಿದುದು ಇನ್ನೊಂದು ಬಂದರಿನಲ್ಲಿ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡರು ಚಿಗಟಗಳಿದ್ದ ರೋಗಗ್ರಸ್ತ ಇಲಿಯೊಂದನ್ನು ಗಾಜಿನ ಭರಣಿಯಲ್ಲಿರಿಸಿ, ಅದಕ್ಕೆ ತಾಗದಂತೆ ತಂತಿಗೂಡಿನಲ್ಲಿ ಆರೋಗ್ಯವಂತ ಇಲಿಯನ್ನಿಟ್ಟರು. ಮೊದಲನೆಯದು ಸತ್ತಿತು; ಕೆಲವೇ ದಿನಗಳಲ್ಲಿ ಎರಡನೆಯದೂ ಪ್ಲೇಗಿಗೆ ಬಲಿಯಾಯಿತು. ಸತ್ತ ದೇಹ ತಣ್ಣಗಾದೊಡನೆ ಚಿಗಟ ಬೇರೆ ಆಸರೆಯನ್ನು ಅರಸುತ್ತದೆ. ಇಲಿ ಸಿಗದಿದ್ದರೆ ಮನುಷ್ಯನನ್ನೇ ಕಚ್ಚುತ್ತದೆ. ಎಲ್ಲರೂ ಶಪಿಸುವ ಇಲಿ ಈ ರೋಗದ ಮೊದಲ ಬಲಿಯೇ ಹೊರತು ಕರ್ತೃವಲ್ಲ.

ಸಿಮಾಂಡರ ಮಾತನ್ನು ವಿದ್ವಾಂಸರು ಬಹುಕಾಲ ನಂಬಲಿಲ್ಲ. 1905ರಲ್ಲಿ ಕಾರ್ಯಾರಂಭಿಸಿದ ಪ್ಲೇಗ್ ಆಯೋಗವು ಮುಂಬಯಿಯ ಸೋಂಕಿತ ಮನೆಗಳಲ್ಲಿ ಗಿನಿಯಿಲಿಗಳನ್ನಿಟ್ಟು ಪರೀಕ್ಷಿಸಿತು. ನೆಲದ ಮೇಲಿದ್ದವಕ್ಕೆ ರೋಗ ತಗುಲಿತು. ಚಿಗಟಗಳ ನೆಗೆತಕ್ಕೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಿದವು ಉಳಿದವು.