ಹಳೆಯ ಸ್ಮಾರ್ಟ್‌ಫೋನುಗಳು ನಿಜಕ್ಕೂ ಚೆನ್ನಾಗಿದ್ದವೇ?

"ಹಿಂದಿನ ಫೋನುಗಳೇ ಚೆನ್ನಾಗಿದ್ದವು. ಒಮ್ಮೆ ಚಾರ್ಜ್ ಮಾಡಿದರೆ ನಾಲ್ಕು ದಿನ ಬರುತ್ತಿತ್ತು, ಕೈಜಾರಿ ಬಿದ್ದರೂ ಏನೂ ಆಗುತ್ತಿರಲಿಲ್ಲ" ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತು ಸುಳ್ಳಲ್ಲ. ಆದರೆ ಅದು ನಿಜವಾಗಿದ್ದುದು ನೋಕಿಯಾ 1100ರಂತಹ ಸರಳ ಮೊಬೈಲುಗಳ ವಿಷಯದಲ್ಲಿ, ಆರಂಭದ ಸ್ಮಾರ್ಟ್‌ಫೋನುಗಳ ವಿಷಯದಲ್ಲಿ ಅಲ್ಲ. ನೆನಪಿನಲ್ಲಿ ನಾವು ಇವೆರಡನ್ನೂ ಬೆರೆಸಿಬಿಡುತ್ತೇವೆ.

ಮೊದಲ ಸ್ಮಾರ್ಟ್‌ಫೋನ್ ಯಾವುದು?

ಸ್ಮಾರ್ಟ್‌ಫೋನುಗಳ ಕತೆ 2007ರ ಐಫೋನ್‌ನಿಂದ ಶುರುವಾಯಿತು ಎಂದು ಹಲವರು ತಿಳಿದಿದ್ದಾರೆ. ಆದರೆ ಐಬಿಎಂ ಸಂಸ್ಥೆಯ 'ಸೈಮನ್' 1994ರಲ್ಲೇ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು. ಅದರಲ್ಲಿ ಸ್ಪರ್ಶಸಂವೇದಿ ಪರದೆ, ಇಮೇಲ್, ಫ್ಯಾಕ್ಸ್, ಕ್ಯಾಲೆಂಡರ್ ಎಲ್ಲವೂ ಇದ್ದವು. ತೂಕ ಮಾತ್ರ ಅರ್ಧ ಕಿಲೋ! ಮಾತನಾಡುತ್ತಾ ಕುಳಿತರೆ ಒಂದು ಗಂಟೆಯಲ್ಲಿ ಬ್ಯಾಟರಿ ಖಾಲಿಯಾಗುತ್ತಿತ್ತು. ಕಲ್ಪನೆ ಚೆನ್ನಾಗಿತ್ತು, ಆದರೆ ಅದನ್ನು ದಿನವಿಡೀ ಜೇಬಿನಲ್ಲಿಟ್ಟುಕೊಂಡು ಓಡಾಡುವಂತೆ ಮಾಡುವ ತಂತ್ರಜ್ಞಾನ ಇನ್ನೂ ಬಂದಿರಲಿಲ್ಲ.

ಬ್ಯಾಟರಿಯ ಲೆಕ್ಕಾಚಾರ

2003ರ ನೋಕಿಯಾ 1100ರಲ್ಲಿದ್ದದ್ದು 850 ಮಿಲಿಆಂಪಿಯರ್-ಅವರ್ ಬ್ಯಾಟರಿ. 2007ರ ನೋಕಿಯಾ ಎನ್95ರ ಮೊದಲ ಮಾದರಿಯಲ್ಲಿದ್ದದ್ದು 950. ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಆದರೂ 1100 ದಿನಗಟ್ಟಲೆ ಬರುತ್ತಿತ್ತು. ಎನ್95 ಚೆನ್ನಾಗಿ ಬಳಸಿದರೆ ಸಂಜೆಯ ಹೊತ್ತಿಗೆ ಚಾರ್ಜರ್ ಕೇಳುತ್ತಿತ್ತು.

ಹೀಗೇಕೆ? ಮೊದಲನೆಯದರಲ್ಲಿದ್ದದ್ದು ಪುಟ್ಟ ಕಪ್ಪು-ಬಿಳುಪು ಪರದೆ, ಕೆಲಸವೂ ಕಡಿಮೆ. ಎರಡನೆಯದರಲ್ಲಿ ಬಣ್ಣದ ಪರದೆ, 5 ಮೆಗಾಪಿಕ್ಸೆಲ್ ಕ್ಯಾಮೆರಾ, ಜಿಪಿಎಸ್, ವೈ-ಫೈ, 3ಜಿ ಎಲ್ಲವೂ ಇದ್ದವು. ಸಂಪಾದನೆ ಅಷ್ಟೇ ಇದ್ದು ಖರ್ಚು ಹೆಚ್ಚಿದಂತಾಯಿತು. ಇಂದಿನ ಅನೇಕ ಫೋನುಗಳಲ್ಲಿ 5000 ಮಿಲಿಆಂಪಿಯರ್-ಅವರ್ ಬ್ಯಾಟರಿ ಇರುವುದು ಈ ಖರ್ಚನ್ನು ತೂಗಿಸಲೆಂದೇ.

ಬೆರಳೋ, ಕಡ್ಡಿಯೋ?

ಆರಂಭದ ಹಲವು ಸ್ಪರ್ಶಸಂವೇದಿ ಪರದೆಗಳು ಒತ್ತಡವನ್ನು ಗುರುತಿಸುತ್ತಿದ್ದವು. ಮೇಲಿನ ಪದರ ಬಾಗಿ ಕೆಳಗಿನ ಪದರವನ್ನು ಮುಟ್ಟಿದಾಗಷ್ಟೇ ಅವಕ್ಕೆ ನಮ್ಮ ಸೂಚನೆ ತಿಳಿಯುತ್ತಿತ್ತು. ಉಗುರು, ಸ್ಟೈಲಸ್ ಕಡ್ಡಿ, ಕೈಗವಸು ಹಾಕಿದ ಬೆರಳು - ಯಾವುದರಿಂದ ಒತ್ತಿದರೂ ಸರಿ. ಆದರೆ ಬೆರಳನ್ನು ಸುಮ್ಮನೆ ಸವರಿದರೆ ಸಾಲುತ್ತಿರಲಿಲ್ಲ.

ಐಫೋನ್ ಬಳಸಿದ ಪರದೆ, ಬೆರಳು ತಾಕಿದಾಗ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು ಗುರುತಿಸುತ್ತಿತ್ತು. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸುವುದು ಸುಲಭವಾಯಿತು. ಹಾಗೆಂದು ಮೊದಲ ಐಫೋನ್ ಪರಿಪೂರ್ಣವೇನೂ ಆಗಿರಲಿಲ್ಲ: ಅದರಲ್ಲಿ 3ಜಿ ಇರಲಿಲ್ಲ, ವೀಡಿಯೋ ಚಿತ್ರೀಕರಣ ಇರಲಿಲ್ಲ. ಆಪ್ ಸ್ಟೋರ್ ಬಂದದ್ದು 2008ರಲ್ಲಿ, ಕಾಪಿ-ಪೇಸ್ಟ್ ಬಂದದ್ದು 2009ರಲ್ಲಿ!

ಆಗ ಇದ್ದ ಅನುಕೂಲಗಳು

ಹಳೆಯ ಫೋನುಗಳನ್ನು ಮೆಚ್ಚಲು ಕಾರಣಗಳೂ ಇವೆ. ಆಗಿನ ಅನೇಕ ಫೋನುಗಳ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಿಸಲು ಅಂಗಡಿಗೆ ಹೋಗಬೇಕಿರಲಿಲ್ಲ. ಪ್ರಯಾಣದಲ್ಲಿ ಇನ್ನೊಂದನ್ನು ಜೊತೆಗೆ ಇಟ್ಟುಕೊಳ್ಳಬಹುದಿತ್ತು. ಬ್ಲ್ಯಾಕ್‌ಬೆರಿಯಂತಹ ಫೋನುಗಳ ಕೀಲಿಮಣೆಯಲ್ಲಿ, ರೂಢಿಯಾದವರು ಪರದೆ ನೋಡದೆಯೇ ಟೈಪ್ ಮಾಡುತ್ತಿದ್ದರು.

ಕನ್ನಡಿಗರಿಗೆ ಇನ್ನೊಂದು ಕೊರತೆಯಿತ್ತು. ಆರಂಭದ ಬಹಳಷ್ಟು ಸ್ಮಾರ್ಟ್‌ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದವು, ಇಲ್ಲವೇ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. 2012ರ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ಸೇರಿದ ನಂತರ ಈ ಪರಿಸ್ಥಿತಿ ಬದಲಾಯಿತು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಫೋನಿನಲ್ಲಿ ಮನೆಯವರ ಕನ್ನಡ ಸಂದೇಶವನ್ನೇ ಓದಲಾಗದಿದ್ದರೆ ಉಳಿದ ಸೌಲಭ್ಯಗಳಿಂದ ಏನು ಪ್ರಯೋಜನ?

ಹಾಗಾದರೆ ಹಳೆಯದು ಮೇಲೋ, ಹೊಸದೋ? ಬ್ಯಾಟರಿ ಬದಲಿಸುವ ಸುಲಭದಲ್ಲಿ ಹಳೆಯದು ಮೇಲು. ಪರದೆ, ವೇಗ, ಭಾಷೆಗಳಲ್ಲಿ ಹೊಸದು. ಅಂದಹಾಗೆ, ನಿಮ್ಮ ಕಪಾಟಿನಲ್ಲಿ ಅಂತಹ ಹಳೆಯ ಫೋನ್ ಇದ್ದು ಅದರ ಬ್ಯಾಟರಿ ಊದಿಕೊಂಡಿದ್ದರೆ ಅದನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಕಸದ ಬುಟ್ಟಿಗೂ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.