ಸರಪಳಿ ಹಿಡಿದ ಸೈನಿಕರು: ಧಾರವಾಡ ಸೀಮೆಯ ಭೂಮಾಪನ

ಗೋಪನಕೊಪ್ಪದಲ್ಲಿ ಈಗ ಹೊಲಕ್ಕಿಂತ ಮನೆಗಳೇ ಹೆಚ್ಚು. ಆದರೂ ಹುಬ್ಬಳ್ಳಿ ಸುತ್ತಲಿನ ಇಂಥ ಊರುಗಳಲ್ಲಿ ಯಾವುದೇ ನಿವೇಶನದ ಕಾಗದಪತ್ರದ ಬೆನ್ನು ಹತ್ತಿದರೆ ಕೊನೆಗೆ ಕೈಗೆ ಬರುವುದು ಒಂದು ಸರ್ವೆ ನಂಬರು, ಅದರ ಎಕರೆ-ಗುಂಟೆ, ತೆರಿಗೆಯಿಂದ ಬಿಟ್ಟ ಒಂದಿಷ್ಟು ಖರಾಬು, ಆಮೇಲೆ ಆಕಾರ ಎಂಬ ಕಂದಾಯ. ಈ ಲೆಕ್ಕವನ್ನು ನಮ್ಮ ಸೀಮೆಯಲ್ಲಿ ನೆಲೆಗೊಳಿಸಿದವನು ಮುಂಬಯಿ ಸೈನ್ಯದ ಇಂಜಿನಿಯರ್ ಅಧಿಕಾರಿ ಜಾರ್ಜ್ ವಿಂಗೇಟ್. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯದ ಇಂಜಿನಿಯರನೆಂದರೆ ಕೋಟೆ, ಸೇತುವೆಗಳ ಜೊತೆಗೆ ನಕಾಶೆಯನ್ನೂ ಬಲ್ಲವನು. ಈಸ್ಟ್ ಇಂಡಿಯಾ ಕಂಪನಿಯ ಅಂಥವರು ಇಲ್ಲಿಯ ಎರೆ ಹೊಲಗಳನ್ನು ಅಳೆದರು.

ಕನ್ನಡ ನಾಡಿನಲ್ಲಿ ಈ ಕೆಲಸ ಶುರುವಾದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಮದ್ರಾಸ್ ಇಂಜಿನಿಯರ್ಸ್ ದಳದ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೇಕ್ಷಣೆಗೆ ಇಳಿದ. ಅದೇ ಹೊತ್ತಿಗೆ, 1800ರಲ್ಲಿ, ಕಾಲಾಳು ಪಡೆಯ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಎಳೆದ. ಮೆಕೆಂಜಿಯ ಆಸಕ್ತಿ ಗಡಿಗಳಲ್ಲಿ ನಿಲ್ಲಲಿಲ್ಲ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರ ನೆರವಿನಿಂದ ಆತ ಶಾಸನ, ಕೈಫಿಯತ್ತು, ವಂಶಾವಳಿಗಳನ್ನು ರಾಶಿ ಹಾಕಿದ. ನಮ್ಮ ಚರಿತ್ರೆಗೆ ಇವರು ಮಾಡಿದ ಉಪಕಾರ ದೊಡ್ಡದು. ಆದರೆ ಅವರ ನಕಾಶೆಯಲ್ಲಿ ಊರು, ಕೆರೆ, ಬೆಟ್ಟಗಳಿದ್ದವು; ರೈತನ ಹೊಲ ಇರಲಿಲ್ಲ.

ಪೇಶ್ವೆಯ ಆಳಿಕೆ ಮುಗಿದು 1818ರಲ್ಲಿ ಧಾರವಾಡ ಕಂಪನಿಯ ಕೈಸೇರಿತು. ಹೊಲದಿಂದ ಎಷ್ಟು ತೆರಿಗೆ ಎತ್ತಬೇಕು ಎಂಬುದೇ ಆಗಿನ ದೊಡ್ಡ ಪ್ರಶ್ನೆ. ಪುಣೆಯ ಕಡೆ 1820ರ ದಶಕದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಪ್ರತಿ ಬಗೆಯ ಹೊಲದ ಬೆಳೆ, ಖರ್ಚು, ನಿವ್ವಳ ಉಳಿಕೆಗಳನ್ನೆಲ್ಲ ಗುಣಿಸಿ ದರ ಕಟ್ಟಿದ. ಪುಸ್ತಕದ ಅರ್ಥಶಾಸ್ತ್ರಕ್ಕೆ ಅದು ಒಪ್ಪಿತು, ನೆಲಕ್ಕೆ ಒಗ್ಗಲಿಲ್ಲ. ತೆರಿಗೆ ತಾಳಲಾರದೆ ಜನ ಹೊಲ ಬಿಟ್ಟು ಹೋದರು. ಆ ಸೋಲಿನ ಮೇಲೆ 1835ರ ಸುಮಾರಿಗೆ ಇಂದಾಪುರದಲ್ಲಿ ಮತ್ತೆ ಮೊದಲಿನಿಂದ ಕೆಲಸ ಕೈಗೆತ್ತಿಕೊಂಡವರು ಸಿವಿಲ್ ಅಧಿಕಾರಿ ಗೋಲ್ಡ್‌ಸ್ಮಿಡ್ ಮತ್ತು ತರುಣ ಲೆಫ್ಟಿನೆಂಟ್ ವಿಂಗೇಟ್. ಮುಂದೆ ಕ್ಯಾಪ್ಟನ್ ಆದ ವಿಂಗೇಟ್, ಧಾರವಾಡವೂ ಸೇರಿದ್ದ ದಕ್ಷಿಣ ಮರಾಠಾ ಸೀಮೆಯ ಸರ್ವೆಯ ಮುಖ್ಯಸ್ಥನಾಗಿ ಬಂದ. 1840ರ ದಶಕದ ನಡುವೆ ಹುಬ್ಬಳ್ಳಿ, ನವಲಗುಂದದ ಹೊಲಗಳಿಗೆ ಹೊಸ ದರ ನಿಂತಿತು. 1847ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ ಸೇರಿ ಬರೆದ ಜಂಟಿ ವರದಿ ಇಡೀ ಮುಂಬಯಿ ಪ್ರಾಂತದ ಸರ್ವೆಗೆ ಆಧಾರಗ್ರಂಥವಾಯಿತು.

ಆ ಪದ್ಧತಿಯ ಜಾಣತನ ಅದರ ಸರಳತೆಯಲ್ಲಿತ್ತು. ಅಳೆಯುವ ಸರಪಳಿ 33 ಅಡಿ. ಅದಕ್ಕೆ ರೂಪಾಯಿಯಂತೆ 16 ಆಣೆಯ ಭಾಗ. ಒಂದು ಚದರ ಸರಪಳಿ ಎಂದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಒಂದು ಸರ್ವೆ ನಂಬರು ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಎತ್ತುಗಳೇ ಅಳತೆ: ಒಂದು ಜೋಡಿ ಎತ್ತು ಉಳಬಲ್ಲ ಹಗುರ ಮಣ್ಣಿಗೆ 20 ಎಕರೆ, ಎರೆಯಂಥ ಬಿಗಿ ಮಣ್ಣಿಗೆ 12, ಗದ್ದೆಗೆ 4. ಇನ್ನು ಮಣ್ಣಿನ ತರಗತಿ. ಹೊಲವನ್ನು ತುಂಡುಗಳಾಗಿ ವಿಂಗಡಿಸಿ, ಅಲ್ಲಲ್ಲಿ ಅಗೆದು, ಮಣ್ಣಿನ ಬಣ್ಣ ಮತ್ತು ಹದ ನೋಡಿ, ಆಳವನ್ನು ಮೊಳದ ಲೆಕ್ಕದಲ್ಲಿ ಬರೆಯುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ನಯವಾದ ಕರಿಮಣ್ಣಿಗೆ ಪೂರ್ತಿ 16 ಆಣೆ. ಅಲ್ಲಿಂದ ಒಂಬತ್ತು ತರಗತಿಗಳಲ್ಲಿ ಇಳಿಯುತ್ತ ಕೊನೆಗೆ 2 ಆಣೆ. ಸುಣ್ಣಕಲ್ಲು, ಮರಳು, ಇಳಿಜಾರು, ನೀರು ನಿಲ್ಲುವುದು, ಹೊಳೆಯ ಹರಿವಿಗೆ ಸಿಗುವುದು ಇವೆಲ್ಲ ದೋಷಗಳು; ಒಂದೊಂದು ದೋಷಕ್ಕೆ ಒಂದೊಂದು ತರಗತಿ ಕಡಿತ. ಸಂತೆ ಎಷ್ಟು ದೂರ, ಮಳೆ ಹೇಗೆ ಎಂಬುದನ್ನು ನೋಡಿ ಊರುಗಳ ಗುಂಪಿಗೆ ದರ ಕಟ್ಟಿದರು. ಒಮ್ಮೆ ಕಟ್ಟಿದ ದರ 30 ವರ್ಷ ಅಲುಗುತ್ತಿರಲಿಲ್ಲ. ರೈತ ತನ್ನ ದುಡಿಮೆಯಿಂದ ಬಾವಿ ತೋಡಿಕೊಂಡರೆ ಅದರ ಮೇಲೆ ಹೆಚ್ಚಿನ ತೆರಿಗೆ ಬೀಳಬಾರದು ಎಂಬುದೂ ಆ ಪದ್ಧತಿಯ ಆಶಯ. ಒಕ್ಕಲಿಗನ ಕಣ್ಣಿನಿಂದ ಮಣ್ಣನ್ನು ನೋಡಿದ ಸರಕಾರಿ ಕೆಲಸ ಇದು ಎನ್ನಲು ನನಗೆ ಹಿಂಜರಿಕೆಯಿಲ್ಲ.

ಈ ಪದ್ಧತಿ ಮೈಸೂರಿಗೂ ಹೋಯಿತು. ಬೌರಿಂಗ್ ಕಮಿಷನರ್ ಆಗಿದ್ದಾಗ 1863ರಲ್ಲಿ ಅಲ್ಲಿ ರೆವಿನ್ಯೂ ಸರ್ವೆ ಆರಂಭವಾದಾಗ ಅದರ ಹೊಣೆ ಹೊತ್ತವನು ದಕ್ಷಿಣ ಮರಾಠಾ ಸೀಮೆಯಲ್ಲಿ ಪಳಗಿದ್ದ ಮೇಜರ್ ಆಂಡರ್ಸನ್. ಹಳೆಯ ಮೈಸೂರಿನವರೂ ಧಾರವಾಡದವರೂ ಒಂದೇ ಗುಂಟೆಯ ಲೆಕ್ಕ ಆಡುವುದಕ್ಕೆ ಇದೇ ಕಾರಣ.

ಆದರೆ ಅಳತೆಗೆ ಇನ್ನೊಂದು ಮುಖವಿತ್ತು. ಹೊಲಗಳ ಲೆಕ್ಕ ನಡೆದಾಗಲೇ ಉಂಬಳಿಯಾಗಿ ಬಂದ ಇನಾಂ ಭೂಮಿಗಳ ವಿಚಾರಣೆಯೂ ನಡೆಯಿತು. 1852ರ ಕಾಯಿದೆ ಇನಾಂ ಕಮಿಷನ್ನಿಗೆ ಬಲ ಕೊಟ್ಟಿತು. ತಲೆಮಾರುಗಳಿಂದ ಉಂಡುಬಂದ ಜಮೀನಿಗೆ ಸನದು ತೋರಿಸಿ ಎಂದರು. ಆ ಕಮಿಷನ್ನಿನಲ್ಲಿ ದುಡಿದಿದ್ದ ಅಧಿಕಾರಿ ಮ್ಯಾನ್ಸನ್‌ನನ್ನು 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ನರಗುಂದದ ದೊರೆ ಬಾಬಾಸಾಹೇಬರ ಕಡೆಯವರು ಕೊಂದರು. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದಫ್ತರವೂ ಸರಪಳಿಯೂ ರಾಜ್ಯದ ಆಯುಧಗಳೇ ಆಗಿದ್ದವೆಂಬುದನ್ನು ನಾವು ಮರೆಯಬಾರದು.

ಸ್ವತಃ ವಿಂಗೇಟ್ ಆಳಿಕೆಯ ಈ ಇನ್ನೊಂದು ಮುಖವನ್ನು ಕಾಣದವನಲ್ಲ. ಸಾಲಗಾರ ರೈತ, ಸಾಹುಕಾರರ ನಡುವಿನ ಜಗಳ ಇಬ್ಬರನ್ನೂ ಕೆಡಿಸುತ್ತಿದೆ ಎಂದು ಆತ 1852ರಲ್ಲೇ ಸರಕಾರವನ್ನು ಎಚ್ಚರಿಸಿದ್ದ. ಆ ಎಚ್ಚರಿಕೆ ನಿಜವಾಗಿ 1875ರಲ್ಲಿ ಪುಣೆ, ಅಹಮದನಗರಗಳಲ್ಲಿ ಸಾಹುಕಾರರ ಲೆಕ್ಕದ ಪುಸ್ತಕಗಳಿಗೆ ಬೆಂಕಿ ಬಿತ್ತು. 1859ರಲ್ಲಿ ಆತ ಬರೆದ ಪುಟ್ಟ ಪುಸ್ತಕ ಇನ್ನೂ ಮುಖ್ಯ. ಭಾರತದಲ್ಲಿ ಎತ್ತಿದ ತೆರಿಗೆ ಇಂಗ್ಲೆಂಡಿನಲ್ಲಿ ಖರ್ಚಾಗುವುದು ಈ ದೇಶಕ್ಕೆ ಆಗುವ ನೇರ ನಷ್ಟ ಎಂದು ಅದರಲ್ಲಿ ವಾದಿಸಿದ. ಮುಂದೆ ರಮೇಶಚಂದ್ರ ದತ್ತರು ಸಂಪತ್ತಿನ ಸೋರಿಕೆಯ ಬಗ್ಗೆ ಬರೆದಾಗ ಅವನ ಮಾತನ್ನು ಸಾಕ್ಷಿಗೆ ತೆಗೆದುಕೊಂಡರು. ಧಾರವಾಡದ ಹೊಲ ತಿರುಗಿದವನೊಬ್ಬ ಹಾಗೆ ಬರೆದನೆಂಬುದು ಗೌರವದಿಂದ ನೆನೆಯಬೇಕಾದ ಸಂಗತಿ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಮುಂಬಯಿ ಪ್ರಾಂತದಲ್ಲಿ 1879ರ ಭೂಕಂದಾಯ ಸಂಹಿತೆ ಬಂತು, ಹಕ್ಕುಗಳ ದಾಖಲೆ ಬಂತು. ಏಕೀಕರಣದ ನಂತರ 1964ರ ಕರ್ನಾಟಕ ಭೂಕಂದಾಯ ಕಾಯಿದೆ, 1974ರಲ್ಲಿ ಗೇಣಿದಾರನನ್ನು ಒಡೆಯನನ್ನಾಗಿಸಿದ ಭೂಸುಧಾರಣೆ, 2000ದ ಹೊತ್ತಿಗೆ ಉತಾರವನ್ನು (ಪಹಣಿಯನ್ನು) ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆ, ಈಗ ಡ್ರೋನ್ ಸರ್ವೆ. ಒಡೆಯರು ಬದಲಾದರು, ಹಿಸ್ಸೆಗಳು ಒಡೆದವು. ನಂಬರು ಮಾತ್ರ ಹಳೆಯದೇ. ಬಾಂದುಕಲ್ಲು ಎಷ್ಟೋ ಕಡೆ ಮಾಯವಾಗಿದೆ. ಉತಾರದಲ್ಲಿ ಬೇರೆಯಾದ ಅಣ್ಣತಮ್ಮಂದಿರ ಪಾಲು ನಕಾಶೆಯಲ್ಲಿ ಪೋಡಿಯಾಗದೆ, ಅಂದರೆ ಅಳೆದು ಬೇರೆಯಾಗದೆ, ಉಳಿದಿದೆ. ಡ್ರೋನ್ ಮೇಲಿನಿಂದ ಕಂಡದ್ದನ್ನು ತೋರಿಸೀತು. ಮೂಲ ಗಡಿ ಎಲ್ಲಿತ್ತು ಎಂದು ಹೇಳಲು ಸರ್ವೆಯವರ ಹಳೆಯ ಟಿಪ್ಪಣಿ ಪುಸ್ತಕವೇ ಬೇಕು.

ಪಟ್ಟಣ ಬೆಳೆದು ನುಂಗಿದ ಊರುಗಳಲ್ಲಿ ಹೆಚ್ಚು ಪೆಟ್ಟು ಬಿದ್ದಿರುವುದು ಖರಾಬಿಗೆ. ಸಾಗುವಳಿಗೆ ಬಾರದ್ದು ‘ಅ’ ಖರಾಬು. ಹಾದಿ, ಹಳ್ಳ, ಊರಿನ ಉಪಯೋಗಕ್ಕೆ ಬಿಟ್ಟದ್ದು ‘ಬ’ ಖರಾಬು, ಅದು ಯಾರೂ ಮಾರಲಾಗದ ನೆಲ. ಆ ಕಾಲದ ಸರ್ವೆಯವರು ತೆರಿಗೆಯಿಂದ ಕಳೆಯಲು ಬರೆದಿಟ್ಟ ಆ ಗುಂಟೆಗಳೇ ಇಂದು ಹಳ್ಳ ಎಲ್ಲಿ ಹರಿಯುತ್ತಿತ್ತು ಎಂಬುದಕ್ಕೆ ಗಟ್ಟಿ ಸಾಕ್ಷಿ. ಆದ್ದರಿಂದ ಗೋಪನಕೊಪ್ಪದಲ್ಲಾಗಲಿ, ಹುಬ್ಬಳ್ಳಿಯ ಬೇರೆ ಯಾವ ಅಂಚಿನಲ್ಲಾಗಲಿ ನಿವೇಶನ ಕೊಳ್ಳುವವರು ಕೇವಲ ಇತ್ತೀಚಿನ ಉತಾರ ನೋಡಿ ಸಹಿ ಹಾಕಬೇಡಿ. ಭೂಮಾಪನ ಇಲಾಖೆಗೆ ಅರ್ಜಿ ಕೊಟ್ಟು ಮೂಲ ಟಿಪ್ಪಣಿ, ಆಕಾರಬಂದ್, ಗ್ರಾಮ ನಕಾಶೆಗಳ ನಕಲು ತೆಗೆಸಿ, ‘ಬ’ ಖರಾಬು ಎಲ್ಲಿದೆ ಎಂದು ನೋಡಿಕೊಂಡ ಮೇಲೆಯೇ ಮುಂದುವರಿಯಿರಿ.